ನಾಡತಾಯಿ ಹಾಕಿದ ಗಂಟು

ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ತನ್ನದೇ ದನಿ ಸುಳ್ಳು ಹೇಳುವುದನ್ನು ಕೂತು ಕೇಳಬೇಕಾಗಿ ಬಂದ ಹೆಂಗಸೊಬ್ಬಳ ಕಥೆ ಇದು. ಯಾವ ನ್ಯಾಯಾಲಯವೂ ಅವಳಿಗೆ ಆ ಶಿಕ್ಷೆಯನ್ನು ವಿಧಿಸಿರಲಿಲ್ಲ. ಆದರೆ ಮನುಷ್ಯರ ನ್ಯಾಯಾಲಯಕ್ಕೆ ತೋಚದ ಶಿಕ್ಷೆಗಳು ಭಗವಂತನ ಬಳಿ ಇರುತ್ತವೆ, ಮತ್ತು ಅವುಗಳನ್ನು ಅವನು ತೀರ ಸಾಧಾರಣ ಸಾಮಾನುಗಳಿಂದಲೇ ಮಾಡಿ ಮುಗಿಸುತ್ತಾನೆ. ಇಲ್ಲಿ ಅವನು ಬಳಸಿದ್ದು ಒಂದು ಹಳೆಯ ರೇಡಿಯೊ, ಒಂದು ಉದ್ದನೆಯ ಮೇಜು ಮತ್ತು ಸೈನಿಕರ ಹರಿದ ಕಾಲುಚೀಲಗಳನ್ನು.

ಆ ಮೇಜು ಇದ್ದದ್ದು ಮುಚ್ಚಿಹೋದ ಮುದ್ರಣಾಲಯವೊಂದರ ಮೇಲಂತಸ್ತಿನಲ್ಲಿ. ನೆಲದ ಹಲಗೆಗಳ ಮೇಲೆ ಹಳೆಯ ಮಸಿಯ ಕಲೆಗಳು ಹಾಗೇ ಇದ್ದವು. ಕಿಟಕಿಯ ಗಾಜುಗಳಿಗೆ ಒಡೆದರೂ ಚೆಲ್ಲದಿರಲೆಂದು ಕಾಗದದ ಪಟ್ಟಿಗಳನ್ನು ಅಂಟಿಸಿದ್ದರು. ಗಡಿಯಾಚೆ ಯುದ್ಧ ನಡೆಯುತ್ತಿತ್ತು. ಗಡಿಯ ಈಚೆಗಿನ ಈ ಪಟ್ಟಣದಲ್ಲಿ ಪರಿಹಾರ ಸಂಘದವರು ಒಂದು ಹೆಣಿಗೆಯ ಕಾರ್ಖಾನೆ ತೆರೆದಿದ್ದರು. ಎರಡೂ ಕಡೆಯ ಮಾತು ಒಂದೇ. ಹೀಗಾಗಿ ಊರಿನ ಹೆಂಗಸರೂ ಆಚೆಯಿಂದ ಜೀವ ಉಳಿಸಿಕೊಂಡು ಬಂದವರೂ ಒಂದೇ ಮೇಜಿಗೆ ಕೂತು ಕೆಲಸ ಮಾಡುತ್ತಿದ್ದರು. ಆಸ್ಪತ್ರೆಗೆ ಬಂದ ಗಾಯಾಳುಗಳ ಕಾಲುಚೀಲಗಳನ್ನು ಒಗೆದು ಮೂಟೆ ಕಟ್ಟಿ ಇಲ್ಲಿಗೆ ಕಳಿಸುವರು. ಒಗೆದಿದ್ದರೂ ಕೆಲವು ಕಲೆಗಳು ಬಿಟ್ಟಿರುತ್ತಿರಲಿಲ್ಲ. ಹರಿದ ಭಾಗವನ್ನು ಬಿಚ್ಚಿ, ನೂಲು ಸುತ್ತಿ, ಮತ್ತೆ ಹೆಣೆದು ಕಳಿಸುವುದು ಇವರ ಕೆಲಸ.

ನಮ್ಮ ಕಥೆಯ ಹೆಂಗಸು ಮೇಜಿನ ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಐವತ್ತು ದಾಟಿದ ವಯಸ್ಸು, ಕಿವಿಯವರೆಗೆ ಕತ್ತರಿಸಿದ ಕೂದಲು, ಮೊಣಕೈ ಸವೆದ ಕಂದು ಕೋಟು. ಅವಳ ಕೈಯಲ್ಲಿದ್ದ ಗುರುತಿನ ಚೀಟಿಯ ಪ್ರಕಾರ ಅವಳು ಯಾರೋ ಗುಮಾಸ್ತನ ವಿಧವೆ. ಬಂದ ದಿನದಿಂದ ಯಾರೊಡನೆಯೂ ಬಾಯಿಬಿಟ್ಟು ಮಾತಾಡಿದವಳಲ್ಲ. ಹೌದಾದರೆ ತಲೆಯಾಡಿಸುವಳು, ಅಲ್ಲವಾದರೆ ಕೈಯಾಡಿಸುವಳು. ಮೂರನೆಯ ದಿನಕ್ಕೇ ಅವಳಿಗೆ ‘ಮೌನಗೌರಿ’ ಎಂದು ಹೆಸರಿಟ್ಟಾಯಿತು.

ನಿಜದಲ್ಲಿ ಅವಳು ವಿಧವೆಯಲ್ಲ. ಗಡಿಯಾಚೆಯ ನಾಡಿನ ಚುಕ್ಕಾಣಿ ಹಿಡಿದು ಯುದ್ಧ ನಡೆಸುತ್ತಿದ್ದ ಮುಂದಾಳುವಿನ ಕೈಹಿಡಿದ ಹೆಂಡತಿ. ಆ ನಾಡು ಅವಳನ್ನು ‘ನಾಡತಾಯಿ’ ಎಂದು ಕರೆಯುತ್ತಿತ್ತು. ಅವಳು ಬಾಯಿ ಬಿಡದೆ ಇದ್ದದ್ದು ಗರ್ವದಿಂದಲ್ಲ. ಪತ್ರಿಕೆಯ ಮಸುಕು ಚಿತ್ರದಲ್ಲಿ ಗಂಡನ ಹೆಗಲ ಹಿಂದೆ ನಿಂತ ಮುಖವನ್ನು ಯಾರೂ ಗುರುತಿಸಲಾರರು. ಆದರೆ ಆ ದನಿಯನ್ನು ಗುರುತಿಸದ ಮನೆ ಆಚೆ ಒಂದೂ ಇರಲಿಲ್ಲ.

ಅವಳು ಹುಟ್ಟಿದ್ದು ಸಣ್ಣ ರೈಲು ನಿಲ್ದಾಣವೊಂದರ ಸ್ಟೇಷನ್ ಮಾಸ್ಟರರ ಮಗಳಾಗಿ. ಮದುವೆಯಾದಾಗ ಗಂಡ ಇನ್ನೂ ಕಕ್ಷಿದಾರರಿಲ್ಲದ ಕಿರಿಯ ವಕೀಲ. ಮಕ್ಕಳಾಗಲಿಲ್ಲ. ಅತ್ತೆಯ ಕೈಕೆಳಗೆ ಕೂತು ಹೆಣಿಗೆ ಕಲಿತಳು. ಅತ್ತೆಗೆ ಸಂಧಿವಾತ, ಬೆರಳುಗಳು ಸೊಟ್ಟಗಾಗಿದ್ದವು. ಕಾಲುಚೀಲದ ತುದಿಯಲ್ಲಿ, ಬೆರಳುಗಳು ಕೂರುವ ಜಾಗದಲ್ಲಿ, ಉಳಿದ ಕುಣಿಕೆಗಳನ್ನು ಒಂದಕ್ಕೊಂದು ಎದುರಾಗಿಟ್ಟು ಸೂಜಿಯಿಂದ ಸಪಾಟಾಗಿ ಕೂಡಿಸಬೇಕು. ಅತ್ತೆಯ ಬೆರಳಿಗೆ ಅದು ಆಗುತ್ತಿರಲಿಲ್ಲ. ಅದಕ್ಕೇ ಕುಣಿಕೆಗಳನ್ನೆಲ್ಲ ಒಟ್ಟಿಗೆ ಎಳೆದು, ಒಳಮಗ್ಗುಲಿಗೆ ಬಿಗಿಯಾಗಿ ಒಂದು ಗಂಟು ಹಾಕಿಬಿಡುತ್ತಿದ್ದರು. ಸೊಸೆ ಅದೇ ಸರಿಯಾದ ಕ್ರಮವೆಂದು ತಿಳಿದಳು. ಅತ್ತೆಗೆ ತಪ್ಪೆಂದು ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಮುಂದೆ ಸೊಸೆಗೆ ಹೇಳುವವರು ಆ ನಾಡಿನಲ್ಲೇ ಇಲ್ಲದಂತಾಯಿತು.

ಯುದ್ಧದ ಮೊದಲ ಚಳಿಗಾಲದಲ್ಲಿ ಅವಳು ರೇಡಿಯೊದಲ್ಲಿ ಹೆಂಗಸರಿಗೆಲ್ಲ ಕಾಲುಚೀಲ ಹೆಣೆಯುವುದನ್ನು ಕಲಿಸಿದಳು. ಎಷ್ಟು ಕುಣಿಕೆ ಏರಿಸಬೇಕು, ಹಿಮ್ಮಡಿ ಎಲ್ಲಿ ತಿರುಗಬೇಕು, ತುದಿಗೆ ಗಂಟು ಹೇಗೆ ಹಾಕಬೇಕು, ಎಲ್ಲವನ್ನೂ. ಹೆಣಿಗೆ ಬಲ್ಲವರು ಸಾವಿರಾರು ಜನ ಅದನ್ನು ಕೇಳಿದರು. ಆ ಗಂಟು ಬೂಟಿನೊಳಗೆ ಬೆರಳನ್ನು ತಿನ್ನುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ನಾಡತಾಯಿ ಹೇಳಿದ ಮೇಲೆ ಎದುರಾಡುವುದುಂಟೆ? ಬಲ್ಲವರೂ ತಮ್ಮ ಬಲ್ಲತನವನ್ನು ಬದಿಗಿಟ್ಟು ಗಂಟು ಹಾಕಿದರು. ‘ತಾಯಿಗಂಟು’ ಎಂದು ಅದಕ್ಕೊಂದು ಹೆಸರೂ ಬಂತು. ಬಂಧುಗಳೇ, ಭಯದಿಂದ ಸುಮ್ಮನಿರುವ ಜನರನ್ನು ನಾವು ಬೈಯುತ್ತೇವೆ. ಗೌರವದಿಂದ ಸುಮ್ಮನಿರುವವರು ಮಾಡುವ ಹಾನಿಯನ್ನು ಅಳೆದವರು ಯಾರು?

ಚಳಿ ಕಳೆದ ಮೇಲೆ ರಾಜಧಾನಿಯ ಮೇಲೆ ಬಾಂಬು ಬೀಳತೊಡಗಿತು. ‘ಯಾವ ಅಧಿಕಾರಿಯ ಕುಟುಂಬವೂ ಊರು ಬಿಡಕೂಡದು, ನನ್ನದೂ ಬಿಡುವುದಿಲ್ಲ’ ಎಂದು ಮುಂದಾಳು ಘೋಷಿಸಿದರು. ಅದೇ ವಾರ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, “ನೀನು ಇಲ್ಲಿದ್ದರೆ ನನಗೆ ಬುದ್ಧಿ ಓಡೋದಿಲ್ಲ. ಹೊರಡು. ಯಾರಿಗೂ ತಿಳಿಯೋದಿಲ್ಲ” ಎಂದರು. ಅವಳು ಒಂದು ಮಾತೂ ಎದುರಾಡಲಿಲ್ಲ. ಹೊರಡುವ ಮುನ್ನ ಆಕಾಶವಾಣಿಯ ಕೋಣೆಯಲ್ಲಿ ಕೂರಿಸಿ ಹನ್ನೆರಡು ಭಾಷಣಗಳನ್ನು ಅವಳಿಂದ ಓದಿಸಿ ಧ್ವನಿಮುದ್ರಿಸಿಕೊಂಡರು, ತಿಂಗಳಿಗೊಂದು, ಆ ತಿಂಗಳೆಲ್ಲ ದಿನವೂ ಅದೇ ಬಿತ್ತರವಾಗುವಂತೆ. ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಮುಂದಿನ ಚಳಿಗಾಲದ ಮಾತನ್ನು ಆಡಿ ಎದ್ದುಬಂದಳು. ಕಾರಿನಲ್ಲಿ ಗಡಿ ದಾಟುವಾಗ ತನಗೆ ಅಳು ಬರಲಿಲ್ಲ, ಹಾಯಾಗಿ ನಿದ್ದೆ ಬಂತು ಎಂದು ಮುಂದೆ ಅವಳೇ ಹೇಳಿದಳು. ತನ್ನ ಪಾಪ ಯಾವುದೆಂದು ಕೇಳಿದವರಿಗೆ ಅವಳು ಹೇಳುತ್ತಿದ್ದದ್ದು ಆ ನಿದ್ದೆಯನ್ನು.

ಕಾರ್ಖಾನೆಯಲ್ಲಿ ಮೊದಲ ದಿನವೇ ಅವಳು ಮುಗಿಸಿದ ಕಾಲುಚೀಲವನ್ನು ಮೇಸ್ತ್ರಿಯಮ್ಮ ಕೈಯಲ್ಲಿ ಹಿಡಿದು, ಒಳಗೆ ಬೆರಳಾಡಿಸಿ, ಮೇಜಿನ ಮೇಲೆ ಎಸೆದಳು. ಮೇಸ್ತ್ರಿಯಮ್ಮ ಅಲ್ಲಿನ ಮೇಲ್ವಿಚಾರಕಿ. ದಪ್ಪ ದೇಹ, ಮೂಗಿನ ತುದಿಯಲ್ಲಿ ಕನ್ನಡಕ, ನಾಲಗೆ ಮಾತ್ರ ಕತ್ತರಿ.

“ಯಾರಮ್ಮ ನಿನಗೆ ಇದನ್ನ ಕಲಿಸಿದ ಪುಣ್ಯಾತ್ಗಿತ್ತಿ? ಇದೇನು ಕಾಲುಚೀಲವೋ, ಕಲ್ಲು ಕಟ್ಟಿದ ಚೀಲವೋ? ಎರಡು ಮೈಲಿ ನಡೆದರೆ ಬೆರಳು ಹಣ್ಣಾಗಿ ಹೋಗುತ್ತೆ. ಬಿಚ್ಚು.”

ಅವಳು ಬಿಚ್ಚಿದಳು. ಮೇಸ್ತ್ರಿಯಮ್ಮ ಪಕ್ಕದಲ್ಲೇ ಕೂತು, ಕುಣಿಕೆಗಳನ್ನು ಎದುರುಬದುರಾಗಿಟ್ಟು ಸಪಾಟಾಗಿ ಕೂಡಿಸುವುದನ್ನು ತೋರಿಸಿಕೊಟ್ಟಳು. ಮೂವತ್ತು ವರ್ಷಗಳಲ್ಲಿ ಯಾರಾದರೂ ಅವಳಿಗೆ ತಪ್ಪೆಂದು ಹೇಳಿದ್ದು ಅದು ಎರಡನೆಯ ಸಲ. ಮೊದಲನೆಯದನ್ನು ಅವಳು ಆವರೆಗೆ ನೆನಪಿನಿಂದ ದೂರವಿಟ್ಟಿದ್ದಳು. ಸಂಜೆ ಕೋಣೆಗೆ ಹೋಗಿ ತನ್ನ ಕಾಲಿನ ಚೀಲವನ್ನೇ ಕಳಚಿ, ಒಳಗೆ ಬೆರಳಿಟ್ಟು ನೋಡಿದಳು. ಅಲ್ಲಿ ಗಂಟಿರಲಿಲ್ಲ. ಅದು ಅಂಗಡಿಯಿಂದ ಕೊಂಡದ್ದು.

ಆ ಕೋಣೆ ಗಡಿಯಾರ ರಿಪೇರಿ ಅಂಗಡಿಯೊಂದರ ಮೇಲಿತ್ತು. ಒಂದು ಮಂಚ, ಒಂದು ಕುರ್ಚಿ, ಕೈತೊಳೆಯುವ ಬೋಗುಣಿ. ಕೆಳಗಿನಿಂದ ಹತ್ತಾರು ಗಡಿಯಾರಗಳು ಒಂದೊಂದು ಒಂದೊಂದು ಸಮಯ ಬಾರಿಸುತ್ತಿದ್ದವು. ವಾರಕ್ಕೊಮ್ಮೆ ರಾಯಭಾರ ಕಚೇರಿಯ ಕಾರ್ಯದರ್ಶಿಯೊಬ್ಬ ಬಂದು, ಸೋಪು ಬೆಂಕಿಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, “ಯಜಮಾನರು ಕ್ಷೇಮ. ಧೈರ್ಯವಾಗಿರಬೇಕಂತೆ” ಎಂದು ಹೇಳಿ ಹೋಗುವನು. ಗಂಡನ ಕೈಬರಹದ ಒಂದು ಚೂರು ಕಾಗದವೂ ಎಂದೂ ಬರಲಿಲ್ಲ.

ಬೇಸಿಗೆ ಕಳೆಯಿತು. ಚಳಿ ಮರಳಿ ಬಂತು. ಆಗ ಗಡಿ ದಾಟಿ ಬಂದವಳು ಬೇಕರಿಯಮ್ಮ.

ಬೇಕರಿಯಮ್ಮ ರಾಜಧಾನಿಯಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟಿದ್ದವಳು. ಅಂಗಡಿ ಬಾಂಬಿಗೆ ಹೋಯಿತು, ಗಂಡ ಅದರ ಜೊತೆಗೇ ಹೋದ. ಅವಳು ಬಂದಳು; ಮಗಳು ಬರಲಿಲ್ಲ. ಮೊದಲ ದಿನವೇ ಬೇಕರಿಯಮ್ಮನ ಕೈಯ ಕಾಲುಚೀಲದ ತುದಿಯಲ್ಲೂ ಅದೇ ಗಂಟು. ಮೇಸ್ತ್ರಿಯಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಅಲ್ಲಾ ಕಣ್ರೇ, ನಿಮ್ಮ ಕಡೆಯಿಂದ ಬಂದೋರೆಲ್ಲ ಇದೇ ಗಂಟು ಹಾಕ್ತೀರಲ್ಲ! ಆಸ್ಪತ್ರೆಯಿಂದ ಬರೋ ಮೂಟೆಯಲ್ಲೂ ಇದೇ. ಏನು, ನಿಮ್ಮೂರಲ್ಲಿ ಕಾಲಿಗೆ ಬೆರಳೇ ಇಲ್ವಾ?”

“ತಾಯಿಗಂಟು ಅದು!” ಬೇಕರಿಯಮ್ಮ ಕೆರಳಿದಳು. “ನಾಡತಾಯಿಯವರು ರೇಡಿಯೋದಲ್ಲಿ ಹೇಳಿಕೊಟ್ಟಿದ್ದು. ನಿಮಗೇನು ಗೊತ್ತು?”

“ನಾಡತಾಯಿಯವರು ಆ ಚೀಲ ಹಾಕ್ಕೊಂಡು ಒಂದು ದಿನ ನಡೆದಿದ್ರೆ ನಾನೂ ಕೈ ಮುಗೀತಿದ್ದೆ ಬಿಡು.”

ಮೇಜಿನ ಸುತ್ತ ನಗೆ ಎದ್ದಿತು. ಕೊನೆಯಲ್ಲಿ ಕೂತವಳು ತಲೆ ತಗ್ಗಿಸಿ ಒಂದು ಗಂಟನ್ನು ಸೂಜಿಮೊನೆಯಿಂದ ಎಬ್ಬಿಸುತ್ತಿದ್ದಳು. ಅದು ಬಿಚ್ಚಲಿಲ್ಲ. ನೆತ್ತರು ಒಣಗಿ ನೂಲು ಕಲ್ಲಾಗಿತ್ತು. ಕತ್ತರಿ ತೆಗೆದುಕೊಂಡಳು.

ಬೇಕರಿಯಮ್ಮನಿಗೆ ಪಕ್ಕದಲ್ಲೇ ಜಾಗ ಸಿಕ್ಕಿತು. ಉತ್ತರ ಕೊಡದವರ ಮುಂದೆ ಮಾತು ಸಲೀಸಾಗಿ ಹರಿಯುತ್ತದೆ. ಕೆಲವೇ ದಿನಗಳಲ್ಲಿ ಅವಳ ಮನೆತನದ ಕಥೆಯೆಲ್ಲ ಮೌನಗೌರಿಗೆ ಬಾಯಿಪಾಠವಾಯಿತು. ಮಗಳು ಶಾಲೆಯ ಉಪಾಧ್ಯಾಯಿನಿ, ಅಳಿಯ ಯುದ್ಧಭೂಮಿಯಲ್ಲಿ, ಎರಡು ಎಳೆಯ ಹೆಣ್ಣುಮಕ್ಕಳು. ‘ಊರು ಬಿಟ್ಟು ಬಾ’ ಎಂದು ತಾಯಿ ಮೂರು ಪತ್ರ ಬರೆದಿದ್ದಳು. ಒಂದು ಬೆಳಿಗ್ಗೆ ಉತ್ತರ ಬಂತು. ಬೇಕರಿಯಮ್ಮ ಅದನ್ನು ಓದುವಾಗ ಅವಳ ಮುಖದಲ್ಲಿ ಮೊದಲು ಹೆಮ್ಮೆ ಮೂಡಿತು, ಆಮೇಲೆ ಅದೇ ಮುಖ ಕುಸಿಯಿತು.

“ಕೇಳು ತಂಗಿ, ಏನು ಬರೆದಿದ್ದಾಳೆ ನೋಡು. ‘ಅಮ್ಮಾ, ನಾಡತಾಯಿಯವರೇ ಇಲ್ಲಿದ್ದಾರೆ. ದಿನಾ ಮಧ್ಯಾಹ್ನ ಅವರ ಮಾತು ಕೇಳ್ತೀವಿ. ನಮ್ಮ ಬೀದಿಯಲ್ಲಿ ಒಂದು ಮನೆಯೂ ಖಾಲಿಯಾಗಿಲ್ಲ. ನಾನು ಹೊರಟರೆ ಶಾಲೆ ಮಕ್ಕಳ ಮುಂದೆ ಯಾವ ಮುಖ ಇಟ್ಟುಕೊಳ್ಳಲಿ?’ ಇದು ನನ್ನ ಮಗಳು! ಅದೂ ಯಾರು? ಆ ತಾಯಿಯವರ ದೆಸೆಯಿಂದ ಏಟು ತಿಂದೋಳು.”

ಮೌನಗೌರಿಯ ಹೆಣಿಗೆಯ ಕಡ್ಡಿಗಳು ನಿಂತವು.

“ಹೋದ ಚಳಿಗಾಲದಲ್ಲಿ ತಾಯಿಯವರು ಇವಳ ಶಾಲೆಗೆ ಬಂದಿದ್ರು, ಹೆಣಿಗೆ ಕಲಿಸೋಕೆ. ಇವಳು ಬಾಯಿ ಸುಮ್ಮನಿಟ್ಟುಕೊಂಡಿರಬಾರದಾ? ಎದ್ದು ನಿಂತು ‘ಅಮ್ಮಾ, ಈ ಗಂಟು ಕಾಲಿಗೆ ಚುಚ್ಚುತ್ತೆ’ ಅಂದಳಂತೆ. ದೊಡ್ಡ ಉಪಾಧ್ಯಾಯಿನಿ ಕೈ ಹಿಡಿದೆಳೆದು ಹೊರಗೆ ಕಳಿಸಿದ್ರು. ದೊಡ್ಡ ತರಗತಿ ಕಿತ್ತುಕೊಂಡು ಶಿಶುವಿಹಾರಕ್ಕೆ ಹಾಕಿದ್ರು. ಅದು ತಾಯಿಯವರಿಗೆ ಗೊತ್ತೂ ಇಲ್ಲ ಬಿಡು, ಅವರ ಕಿವಿಗೆ ಬಿದ್ದೇ ಇಲ್ಲ ಪಾಪ. ನಾನು ಅವತ್ತು ಇವಳನ್ನ ಬೈದೆ. ಈಗ ನೋಡು, ಕೊನೆಯಲ್ಲಿ ಏನು ಬರೆದಿದ್ದಾಳೆ: ‘ತಪ್ಪು ಗಂಟು ಹಾಕಿದರೇನಮ್ಮಾ, ಅವರು ಓಡಿಹೋಗಲಿಲ್ಲವಲ್ಲ.’”

ಆ ವಾಕ್ಯವನ್ನು ಕೇಳಿದ ಮೇಲೆ ಮೌನಗೌರಿ ಇಡೀ ದಿನ ಒಂದು ಸಾಲನ್ನೂ ಹೆಣೆಯಲಿಲ್ಲ ಎಂದು ಮೇಸ್ತ್ರಿಯಮ್ಮ ನೆನೆಯುತ್ತಿದ್ದಳು. ಅಂದು ಶಾಲೆಯಲ್ಲಿ ಆ ಮಾತು ಮೌನಗೌರಿಯ ಕಿವಿಗೆ ಬಿದ್ದಿತ್ತು. ಎಲ್ಲವೂ ಬಿದ್ದಿತ್ತು. ತರಗತಿಯ ಮೂರನೆಯ ಬೆಂಚು, ಬಿಳಿ ಕಾಲರಿನ ಬಟ್ಟೆ ತೊಟ್ಟ ಯುವತಿ, ಅವಳ ತೋಳು ಹಿಡಿದ ಕೈ. ಕೇಳಿಸಿಯೂ ನಸುನಕ್ಕು ಹೆಣಿಗೆಯ ಮುಂದಿನ ಸಾಲಿಗೆ ಹೋಗಿದ್ದಳು.

ಆ ವಾರ ಕಾರ್ಯದರ್ಶಿ ಬಂದಾಗ ಅವಳು ಸೋಪನ್ನು ಮುಟ್ಟಲಿಲ್ಲ.

“ಆ ಭಾಷಣಗಳನ್ನ ನಿಲ್ಲಿಸಿ. ಜನ ನನ್ನನ್ನ ನಂಬಿ ಕೂತಿದ್ದಾರೆ.”

“ಅಮ್ಮಾವ್ರೇ, ನಂಬಲಿ ಅಂತಲೇ ಅಲ್ವಾ ಮಾಡಿದ್ದು?” ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ತಾಳ್ಮೆಯಿಂದ ವಿವರಿಸಿದ. “ಇನ್ನೂ ನಾಲ್ಕು ಬಾಕಿ ಇವೆ. ಬೇಸಿಗೆ ಶುರುವಿನದಂತೂ ಬಹಳ ಚೆನ್ನಾಗಿ ಬಂದಿದೆಯಂತೆ.”

“ಅಲ್ಲಿರೋ ಹೆಣ್ಣುಮಕ್ಕಳು ಸಾಯ್ತಾರೆ.”

“ರಾಜಧಾನಿ ಖಾಲಿಯಾದರೆ ಯುದ್ಧವೇ ಸಾಯುತ್ತೆ. ಯಜಮಾನರ ಮಾತು ಅಂದರೆ ನಾಡಿನ ಮಾನ. ನೀವು ಬಾಯಿ ತೆರೆದರೆ ಮೊದಲು ಹೋಗೋದು ಅವರ ಮಾನ, ಆಮೇಲೆ ನಿಮ್ಮ ಈ ಕೋಣೆ. ಯೋಚನೆ ಮಾಡಿ.”

ಅವನ ಮಾತಿನಲ್ಲಿ ಸತ್ಯದ ಒಂದು ಚೂರು ಇರಲಿಲ್ಲವೆಂದು ನಾನು ಹೇಳಲಾರೆ. ಊರು ಖಾಲಿಯಾಗಿದ್ದರೆ ಸೈನಿಕರ ಎದೆ ಕುಸಿಯುತ್ತಿತ್ತೇನೋ. ಆದರೆ ಉಳಿದವರು ಪ್ರಾಣ ಒಡ್ಡಿದ್ದು ತಾವು ಬಲ್ಲ ಅಪಾಯಕ್ಕಲ್ಲ, ತಾವು ಅರಿಯದ ಸುಳ್ಳಿಗೆ. ಬಲಿಯ ಕುರಿಗೂ ಕತ್ತಿ ಕಾಣಿಸುತ್ತದೆ. ಇವರಿಗೆ ಕಾಣಿಸಿದ್ದು ಒಬ್ಬ ತಾಯಿಯ ಅಕ್ಕರೆಯ ದನಿ.

ಮೂರು ದಿನ ಅವಳು ಸುಮ್ಮನಿದ್ದಳು. ಮೂರು ದಿನ! ಆ ಮೂರು ದಿನಗಳನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ. ಗಂಡನ ಮುಖ ಎದುರು ಬಂತು, ಕೋಣೆ ಹೋದರೆ ಎಲ್ಲಿಗೆಂಬ ಭಯ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಬೇಕರಿಯಮ್ಮ ತನ್ನನ್ನು ‘ತಂಗಿ’ ಎಂದು ಕರೆಯುವುದು ನಿಂತುಹೋಗುತ್ತದಲ್ಲ ಎಂಬ ಅಳುಕು ಬಂತು.

ನಾಲ್ಕನೆಯ ದಿನ ತಿಂಗಳ ಮೊದಲ ದಿನ, ಹೊಸ ಭಾಷಣದ ಸರದಿ. ಮಧ್ಯಾಹ್ನ ಕಪಾಟಿನ ಮೇಲಿನ ರೇಡಿಯೊ ಒಂದು ಗಂಟೆ ಬಾರಿಸಿತು. ಊಟದ ಡಬ್ಬಿಗಳು ತೆರೆದಿದ್ದವು. ಬೇಕರಿಯಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

‘ತಾಯಂದಿರೇ, ಚಳಿ ಬಂದಿದೆ. ನಮ್ಮ ಮನೆಯ ಒಲೆಯೂ ತಣ್ಣಗಿದೆ’ ಎಂದಿತು ರೇಡಿಯೊ.

“ನಾನು ಇಲ್ಲೇ ಇದ್ದೇನೆ,” ಎಂದಳು ಮೇಜಿನ ಕೊನೆಯಲ್ಲಿದ್ದವಳು.

‘ನಾನು ಇಲ್ಲೇ ಇದ್ದೇನೆ’ ಎಂದಿತು ರೇಡಿಯೊ.

ಕೆಲವರು ಹಿಂತಿರುಗಿ ನೋಡಿದರು. ಅವಳು ಎದ್ದು ನಿಂತಿದ್ದಳು. ಒಂದು ಕೈ ಗೋಡೆಯ ಮೇಲಿತ್ತು.

“ನನ್ನ ಕಿಟಕಿಯಿಂದ ನಿಮ್ಮ ಮನೆಗಳ ಚಾವಣಿ ಕಾಣುತ್ತಿದೆ,” ಎಂದಳು. ರೇಡಿಯೊ ಅದನ್ನೇ ಹೇಳಿತು. “ಅವು ಅಲ್ಲಿರುವ ತನಕ ನಾನೂ ಇಲ್ಲಿರುತ್ತೇನೆ.” ರೇಡಿಯೊ ಅದನ್ನೂ ಹೇಳಿತು, ಅದೇ ದನಿಯಲ್ಲಿ, ಅದೇ ಇಳಿತದಲ್ಲಿ, ಕೊನೆಯ ಪದದ ಮುನ್ನ ಅದೇ ಸಣ್ಣ ಉಸಿರಿನೊಂದಿಗೆ.

ಮೇಸ್ತ್ರಿಯಮ್ಮ ಎದ್ದುಹೋಗಿ ರೇಡಿಯೊದ ಕಿವಿ ತಿರುಗಿಸಿ ಆರಿಸಿದಳು.

“ಇದನ್ನ ಬೇಸಿಗೆಯ ಶುರುವಿನಲ್ಲೇ ಓದಿಸಿದ್ದು,” ಎಂದಳು ಅವಳು. “ಆ ವಾರವೇ ನಾನು ಊರು ಬಿಟ್ಟೆ. ಎಂಟು ತಿಂಗಳಾಯಿತು. ಬೇಕರಿಯಮ್ಮ, ನಿಮ್ಮ ಮಗಳನ್ನ ಕರೆಸಿಕೊಳ್ಳಿ. ಅಲ್ಲಿ ಯಾವ ನಾಡತಾಯಿಯೂ ಇಲ್ಲ.”

ಬೇಕರಿಯಮ್ಮ ಎದ್ದು ಬಂದಳು. ಕೈ ಎತ್ತಿದಳು. ಆ ಕೈ ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ. ಬಿದ್ದಿದ್ದರೆ ಮುಖದ ಮೇಲೆ ಅಚ್ಚು ಉಳಿಯುತ್ತಿತ್ತು. ಆಚೆಯಿಂದ ಬಂದ ಮುದುಕಿಯೊಬ್ಬಳು ನೆಲದ ಮೇಲೆ ಉಗುಳಿದಳು. “ಇದನ್ನ ಹೇಳಿ ಏನು ಸಾಧಿಸಿದೆ? ಅಲ್ಲಿ ನನ್ನ ಮಗ ಕಾದಾಡ್ತಿದ್ದಾನೆ, ನಿನ್ನ ಮಾತು ನೆನೆಸಿಕೊಂಡು!” ಎಂದು ಅತ್ತಳು. ಅದಕ್ಕೆ ಉತ್ತರ ಯಾರಲ್ಲಿದೆ?

ಬೇಕರಿಯಮ್ಮನ ಕೈ ಇಳಿಯಿತು. ಮೇಸ್ತ್ರಿಯಮ್ಮನ ಮೇಜಿನಿಂದ ಒಂದು ಹಾಳೆ ಮತ್ತು ಪೆನ್ನನ್ನು ತೆಗೆದುಕೊಂಡು ಬಂದು ಅವಳ ಮುಂದೆ ಇಟ್ಟಳು.

“ಬರೀರಿ,” ಎಂದಳು. ‘ತಂಗಿ’ ಹೋಗಿತ್ತು. “ನಾನು ಹೇಳಿದರೆ ನನ್ನ ಮಗಳು ನಂಬೋದಿಲ್ಲ. ಯಾರೋ ಅಮ್ಮನ ತಲೆ ಕೆಡಿಸಿದ್ದಾರೆ ಅಂತಾಳೆ. ನಂಬೋ ಹಾಗೆ ನೀವೇ ಬರೀರಿ.”

ನಂಬುವ ಹಾಗೆ ಬರೆಯುವುದು ಹೇಗೆ? ಸಹಿ ಹಾಕಿದರೆ ಯಾರಾದರೂ ಅನುಕರಿಸಬಹುದು. ಗಂಡನ ಹೆಸರೆತ್ತಿದರೆ ಊರಿಗೆಲ್ಲ ಗೊತ್ತಿರುವ ಹೆಸರು. ಅವಳು ಪೆನ್ನು ಹಿಡಿದಳು. ಕೊನೆಗೆ ತನಗೂ ಆ ಯುವತಿಗೂ ಮಾತ್ರ ಸೇರಿದ್ದನ್ನು ಬರೆದಳು:

‘ನೀವು ಮೂರನೆಯ ಬೆಂಚಿನಲ್ಲಿ ಎದ್ದು ನಿಂತು ಗಂಟು ಚುಚ್ಚುತ್ತದೆ ಎಂದಿರಿ. ಆಗ ನಾನು ನಿಮ್ಮನ್ನು ನೇರವಾಗಿ ನೋಡಿದೆ, ನೀವೂ ನೋಡಿದಿರಿ. ಕೈಯಲ್ಲಿದ್ದ ಬೂದು ಕಾಲುಚೀಲವನ್ನು ಮಡಿಸಿ ನೂಲಿನ ಬುಟ್ಟಿಯ ಕೆಳಗೆ ಬಚ್ಚಿಟ್ಟು ಹಸಿರು ಕಾಲುಚೀಲವನ್ನು ತೆಗೆದುಕೊಂಡೆ. ನನಗೆ ಕೇಳಿಸಿತ್ತು. ನೀವು ಹೇಳಿದ್ದು ಸರಿ, ನಾನು ಕಲಿಸಿದ್ದು ತಪ್ಪು. ಈಗ ದಿನವೂ ಅವೇ ಗಂಟುಗಳನ್ನು ಬಿಚ್ಚುತ್ತಿದ್ದೇನೆ, ನಿಮ್ಮ ತಾಯಿಯ ಪಕ್ಕದಲ್ಲಿ, ಗಡಿಯ ಈಚೆ. ನಾನು ಅಲ್ಲಿಲ್ಲ. ಮಕ್ಕಳನ್ನು ಕರೆದುಕೊಂಡು ಈ ಕೂಡಲೇ ಹೊರಡಿ.’

ಗಡಿಯಾಚೆಗೆ ಔಷಧಿ ಸಾಗಿಸುವ ಲಾರಿಯ ಚಾಲಕನ ಕೈಯಲ್ಲಿ ಪತ್ರ ಹೋಯಿತು.

ಸುದ್ದಿ ಹರಡಲು ವಾರ ಸಾಕಾಯಿತು. ಒಂದು ಮಧ್ಯಾಹ್ನ ರೇಡಿಯೊದಲ್ಲಿ ಅವಳ ದನಿಯ ಬದಲು ಮುಂದಾಳುವಿನ ದನಿ ಬಂತು. ‘ನೆರೆನಾಡಿನಲ್ಲಿ ಯಾವಳೋ ಒಬ್ಬ ಹೆಂಗಸು ನನ್ನ ಹೆಂಡತಿಯೆಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳು ಶತ್ರುವಿನ ಕೈಗೊಂಬೆ. ನನ್ನ ಹೆಂಡತಿ ಈ ಗಳಿಗೆಯಲ್ಲೂ ನನ್ನ ಪಕ್ಕದಲ್ಲಿದ್ದಾಳೆ.’ ಆ ಕೊನೆಯ ಮಾತಿಗೆ ಮುನ್ನ ಅವರು ಒಂದು ಸಲ ಕೆಮ್ಮಿದರು.

“ಸುಳ್ಳು ಹೇಳುವಾಗ ಯಾವಾಗಲೂ ಹೀಗೇ ಕೆಮ್ಮುತ್ತಾರೆ,” ಎಂದಳು ಅವಳು, ಸೂಜಿಗೆ ನೂಲು ಪೋಣಿಸುತ್ತ. “ಮದುವೆಯಾದಾಗಿನಿಂದ.”

ಮೇಸ್ತ್ರಿಯಮ್ಮ ಹೊಸ ಮೂಟೆಯನ್ನು ಅವಳ ಮುಂದೆ ದೊಪ್ಪನೆ ಹಾಕಿದಳು. “ಹೋಗಲಿ ಬಿಡಿ. ನೀವು ಈಗ ಯಾರೂ ಅಲ್ಲ ಅಂತ ಆಯ್ತು. ಯಾರೂ ಅಲ್ಲದೋರಿಗೆ ಇಲ್ಲಿ ಕೆಲಸ ಜಾಸ್ತಿ. ಕೋಣೆ ಬಿಡಿಸಿದ್ರೆ ನನ್ನ ಮನೆ ಹಿಂದಿನ ಕೋಣೆ ಇದೆ, ಸೋರುತ್ತೆ, ಹೇಳಿರ್ತೀನಿ.”

ಕೋಣೆ ಬಿಡಿಸಿದರು. ಕಾರ್ಯದರ್ಶಿ ಮತ್ತೆ ಬರಲಿಲ್ಲ. ತನ್ನ ಹೆಸರು, ಗಂಡ, ನಾಡು ಮೂರೂ ಒಂದೇ ಕೆಮ್ಮಿನಲ್ಲಿ ಅಳಿಸಿಹೋದ ಆ ಹೆಂಗಸು, ಸೋರುವ ಕೋಣೆಯಲ್ಲಿ ಮಂಚವನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದುಕೊಳ್ಳುತ್ತ ದಿನ ಕಳೆದಳು. ಕಾರ್ಖಾನೆಯಲ್ಲಿ ಬೇಕರಿಯಮ್ಮ ಅವಳ ಪಕ್ಕದ ಜಾಗ ಬಿಟ್ಟಿರಲಿಲ್ಲ, ಆದರೆ ಮಾತು ಬಿಟ್ಟಿದ್ದಳು. ಈಗ ಆ ಮೂಲೆಯಲ್ಲಿ ಇಬ್ಬರು ಮೌನಗೌರಿಯರು. ಇಬ್ಬರ ಕಣ್ಣೂ ಬಾಗಿಲ ಮೇಲೆ.

ಪತ್ರ ಹೋದ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಸಣ್ಣ ಕಾಲುಗಳ ಸಪ್ಪಳ ಕೇಳಿಸಿತು. ಬಾಗಿಲಲ್ಲಿ ಮಗಳು ನಿಂತಿದ್ದಳು. ಒಂದು ಮಗು ಸೊಂಟದ ಮೇಲೆ, ಇನ್ನೊಂದು ಕೈಹಿಡಿದು ಕುಂಟುತ್ತಿತ್ತು. ಬೇಕರಿಯಮ್ಮ ಎದ್ದು ಹೋಗಿ ಮೂವರನ್ನೂ ಒಟ್ಟಿಗೆ ಅಪ್ಪಿಕೊಂಡಳು. ದೇವರು ದೊಡ್ಡವನು, ಆ ಗಳಿಗೆಯಲ್ಲಿ ಅದನ್ನು ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಆದರೆ ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಸಿಹಿಯಾದ ಕಥೆಯಾಗುತ್ತಿತ್ತು. ಅದು ಸಿಹಿಯಲ್ಲ.

ಕಣ್ಣೊರೆಸಿಕೊಂಡು ಮಗಳು ಮೇಜಿನ ಕೊನೆಗೆ ಬಂದಳು. ಎದ್ದು ನಿಂತವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹಸಿರು ಚೀಲ ಅಂತ ಓದಿದ ಕೂಡಲೇ ನಂಬಿದೆ. ಅದು ನಿಮಗೆ ಬಿಟ್ಟರೆ ನನಗೆ ಮಾತ್ರ ಗೊತ್ತಿದ್ದದ್ದು. ಅವತ್ತೇ ಗಂಟುಮೂಟೆ ಕಟ್ಟಿದೆ.”

“ದೇವರ ದಯೆ,” ಎಂದಳು ಮೌನಗೌರಿ.

“ಪಕ್ಕದ ಮನೆಯವರಿಗೆ ಪತ್ರ ತೋರಿಸಿದೆ. ಎದುರು ಮನೆಯವರಿಗೂ ತೋರಿಸಿದೆ. ರೇಡಿಯೋದಲ್ಲಿ ಯಜಮಾನರು ಆಡಿದ ಮಾತು ಕೇಳಿಸಿಕೊಂಡು ನನ್ನನ್ನೇ ಶತ್ರುವಿನ ಕಡೆಯವಳು ಅಂದರು. ಅವರಿಗೆ ಹಸಿರು ಚೀಲದ ಗುರುತು ಎಲ್ಲಿಂದ ಬರಬೇಕು? ನಾನು ಊರಾಚೆಯ ಸೇತುವೆ ದಾಟಿದ ಮಾರನೆಯ ದಿನ ನಮ್ಮ ಬೀದಿ ಬಾಂಬಿಗೆ ಹೋಯಿತು. ಆ ಕೊನೆಯಿಂದ ಈ ಕೊನೆಯವರೆಗೆ.” ಅವಳು ದನಿ ಏರಿಸಲಿಲ್ಲ, ತರಗತಿಯಲ್ಲಿ ಪಾಠ ಹೇಳುವ ದನಿ ಅದು. “ಅವತ್ತು ಶಾಲೆಯಲ್ಲಿ ನನ್ನ ಮಾತು ನಿಮಗೆ ಕೇಳಿಸಿರಲಿಲ್ಲ ಅಂತಲೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಚೀಲ ಬದಲಿಸಿದ್ದು ನೋಡಿದ್ದೆ, ಆದರೂ ಇರಲಾರದು ಅಂದುಕೊಂಡಿದ್ದೆ. ಕೇಳಿಸಿತ್ತು ಅಂತ ನೀವು ಬರೆದಿರಿ. ಆ ಮಾತು ನನ್ನ ಮಕ್ಕಳನ್ನ ಉಳಿಸಿತು. ಆ ಮಾತನ್ನೇ ನಾನು ಕ್ಷಮಿಸಲಾರೆ, ಅಮ್ಮಾ.”

ಮೌನಗೌರಿ ತಲೆಯಾಡಿಸಿದಳು, ಮೊದಲಿನಂತೆ, ಬಾಯಿ ಬಿಡದೆ.

ಕ್ಷಮೆಯ ವಿಷಯವಾಗಿ ಬಹಳ ಸಲೀಸಾಗಿ ಮಾತಾಡುವವರು, ಪ್ರವಚನ ಹೇಳುವ ನಾವು. ಬೇಡಿದರೆ ಸಿಗುತ್ತದೆಂದು ಜನರಿಗೆ ಹೇಳುತ್ತೇವೆ. ದೇವರ ಬಳಿ ಸಿಗುತ್ತದೆ, ನಿಜ. ಆದರೆ ಒಂದಿಡೀ ಬೀದಿಯ ಪರವಾಗಿ ಕ್ಷಮಿಸುವ ಹಕ್ಕು ಆ ಉಪಾಧ್ಯಾಯಿನಿಗಾದರೂ ಎಲ್ಲಿತ್ತು? ಅದನ್ನು ಅವಳು ಕೊಡಲಿಲ್ಲ, ಇವಳು ಬೇಡಲಿಲ್ಲ. ಇಬ್ಬರೂ ಸರಿಯಾಗಿಯೇ ನಡೆದುಕೊಂಡರೆಂದು ನನ್ನ ನಂಬಿಕೆ.

ಅಷ್ಟರಲ್ಲಿ ದೊಡ್ಡ ಮಗು ಬೆಂಚಿನ ಮೇಲೆ ಕೂತು ಬೂಟು ಕಳಚಲು ಹೆಣಗುತ್ತಿತ್ತು. “ಅಜ್ಜೀ, ಚುಚ್ಚುತ್ತೆ,” ಎಂದು ಬೇಕರಿಯಮ್ಮನಿಗೆ ಹೇಳಿತು. ನಾಲ್ಕು ದಿನ ನಡೆದ ಕಾಲು ಅದು. ಬೂಟು ಕಳಚಿ ಬಂತು. ಬೂದು ಬಣ್ಣದ ಪುಟ್ಟ ಕಾಲುಚೀಲ ಕಾಣಿಸಿತು, ತುದಿಯಲ್ಲಿ ಕಂದು ಕಲೆ. ಬೇಕರಿಯಮ್ಮ ತಾನೇ ಹೋದ ವರ್ಷ ಮೊಮ್ಮಗಳಿಗೆ ಹೆಣೆದು ಕೊಟ್ಟದ್ದು. ಒಳಗೆ ತಾಯಿಗಂಟು.

ಮೂವರು ಹೆಂಗಸರೂ ಅದನ್ನು ನೋಡಿದರು. ಮೂವರಲ್ಲಿ ಒಬ್ಬಳು ಅದನ್ನು ಕಲಿಸಿದವಳು, ಒಬ್ಬಳು ಹಾಕಿದವಳು, ಒಬ್ಬಳು ಬೇಡವೆಂದವಳು.

ಬೇಕರಿಯಮ್ಮ ಚೀಲವನ್ನು ಮೆಲ್ಲನೆ ಕಾಲಿನಿಂದ ಬಿಡಿಸಿ, ಒಂದು ಗಳಿಗೆ ಕೈಯಲ್ಲಿ ಹಿಡಿದು, ಪಕ್ಕದವಳ ಮುಂದೆ ಮೇಜಿನ ಮೇಲಿಟ್ಟಳು. ಮೌನಗೌರಿ ಕೂತು ಕತ್ತರಿ ತೆಗೆದುಕೊಂಡಳು. ಗಂಟನ್ನು ಕತ್ತರಿಸಿದಳು, ನಾಲ್ಕು ಸಾಲು ಬಿಚ್ಚಿದಳು, ಕಲೆ ಬಿದ್ದ ನೂಲನ್ನು ತೆಗೆದುಹಾಕಿದಳು. ಉಳಿದ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಹೊಸ ನೂಲಿಗಾಗಿ ಕೈ ಚಾಚಿದಾಗ, ಮಗಳು ಬೂದು ನೂಲಿನ ಉಂಡೆಯನ್ನು ಹುಡುಕಿ ಅವಳ ಕಡೆಗೆ ಸರಿಸಿದಳು. ಆಮೇಲೆ ಎದುರಿಗೇ ಕೂತು, ಉಪಾಧ್ಯಾಯಿನಿಯ ಕಣ್ಣಿನಿಂದ, ಕೊನೆಯ ಕುಣಿಕೆ ಸಪಾಟಾಗಿ ಕೂಡುವವರೆಗೆ ಅವಳ ಕೈಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಚೀಲವನ್ನು ಎತ್ತಿಕೊಂಡು, ಒಳಗೆ ಬೆರಳಿಟ್ಟು, ಸುತ್ತಲೂ ಆಡಿಸಿ ನೋಡಿದಳು.

“ಇನ್ನೊಂದು ಕಾಲಿನದು,” ಎಂದು ಮಗುವಿನ ಕಾಲಿನಿಂದ ಅದನ್ನೂ ಕಳಚಿ ಕೊಟ್ಟಳು.